ಪಿಕಪ್‌ಗೆ ಹಾಕಿಸಿದ ಸುರಕ್ಷತಾ ಸಾಮಾನು: ಯಾವುದು ಉಪಯೋಗ, ಯಾವುದು ದಂಡ

ನಮ್ಮ ಪಿಕಪ್‌ಗೆ ಇರುವ ಕೆಲಸ ಇಷ್ಟೇ. ಅಡಿಕೆ ಚೀಲ ಶಿರಸಿ ಪೇಟೆಗೆ, ಬಾಳೆಗೊನೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ಬರುವಾಗ ಗೊಬ್ಬರ. ಕೆಲವು ಮಳೆಗಾಲ ಓಡಿಸಿದ ಮೇಲೆ ಬರೆಯುತ್ತಿದ್ದೇನೆ.

ಐದಕ್ಕೆ ಐದು ಅಂಕ ರಾಚೆಟ್ ಬೆಲ್ಟಿಗೆ, ಅಂದರೆ ಹಲ್ಲುಚಕ್ರದ ಹಿಡಿ ಆಡಿಸಿ ಲೋಡು ಬಿಗಿಯುವ ಪಟ್ಟಿಗೆ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ. ಪೇಟೆಯಲ್ಲಿ ಬಿಗಿದದ್ದು ಘಟ್ಟದ ನಡುವೆ ಸಡಿಲ. ಆಗ ಬ್ರೇಕ್ ಹಿಡಿದರೆ ಲೋಡು ಕ್ಯಾಬಿನ್ ಕಡೆ ಜಾರುತ್ತದೆ, ತಿರುವಿನಲ್ಲಿ ಒಂದೇ ಮಗ್ಗುಲಿಗೆ ಒರಗುತ್ತದೆ. ಪಾಲಿಯೆಸ್ಟರ್ ಬೆಲ್ಟ್ ಅಷ್ಟು ಹಿಗ್ಗುವುದಿಲ್ಲ, ಬಿಗಿಯಲು ಒಬ್ಬರೇ ಸಾಕು. ಹಗ್ಗಕ್ಕಿಂತ ದುಬಾರಿ, ಹೌದು. ಆದರೆ ಚಾಲಿಯ (ಒಣಗಿಸಿ ಸುಲಿದ ಅಡಿಕೆ) ಒಂದು ಚೀಲ ರಸ್ತೆಗೆ ಬಿದ್ದು ಒಡೆದರೆ ಆ ದುಡ್ಡು ಯಾವ ಲೆಕ್ಕ? ರಗಳೆ ಅಂದರೆ ಹಲ್ಲುಚಕ್ರಕ್ಕೆ ಹಿಡಿಯುವ ತುಕ್ಕು. ಕರಾವಳಿಯ ಉಪ್ಪುಗಾಳಿಗೆ ಇನ್ನೂ ಬೇಗ, ಎಣ್ಣೆ ಬಿಡಲೇಬೇಕು. ಬಾಡಿಯ ಚೂಪು ಅಂಚು ತಾಗುವಲ್ಲಿ ಗೋಣಿತಟ್ಟು ಕೊಡಿ, ಇಲ್ಲದಿದ್ದರೆ ಬೆಲ್ಟ್ ಸೀಳುತ್ತದೆ.

ರಿಫ್ಲೆಕ್ಟರ್ ಟೇಪ್: ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ಎಫ್‌ಸಿಗೆ (ಗಾಡಿ ಓಡಿಸಲು ಯೋಗ್ಯ ಎಂಬ ಆರ್‌ಟಿಒ ಪ್ರಮಾಣಪತ್ರಕ್ಕೆ) ಹೋಗುವಾಗ ಮಾತ್ರ ಅಂಟಿಸುವವರೇ ಜಾಸ್ತಿ. ಗಾಡಿಗೆ 8 ವರ್ಷ ತುಂಬುವವರೆಗೆ ಎಫ್‌ಸಿ 2 ವರ್ಷಕ್ಕೊಮ್ಮೆ. ಅಷ್ಟರಲ್ಲಿ ನಮ್ಮ ಕೆಂಪುಮಣ್ಣಿನ ರಾಡಿಗೆ ಟೇಪ್ ಇದ್ದೂ ಇಲ್ಲದ ಹಾಗೆ. ಇಂಥ ಟೇಪಿನ ಗುಣಮಟ್ಟಕ್ಕಿರುವ ಎಐಎಸ್ 090 ಗುರುತಿನದು ತನ್ನಿ, ರಾತ್ರಿ ಹೊರಡುವ ಮುಂಚೆ ಬಟ್ಟೆಯಲ್ಲಿ ಒರೆಸಿ. ಮಂಜಿನಲ್ಲಿ ಕೆಟ್ಟು ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ.

ನಿಲ್ಲಿಸಿದ ಗಾಡಿ ಉರುಳದ ಹಾಗೆ ಚಕ್ರಕ್ಕೆ ಕೊಡಲು ಮರದ ಅಡ್ಡ ಮಾಡಿಸಿದ್ದೇನೆ, ಹಗ್ಗ ಕಟ್ಟಿ ಬಾಡಿಗೇ ನೇತುಹಾಕಿದ್ದೇನೆ. ಖರ್ಚು ಇಲ್ಲವೆಂದರೂ ಸರಿ. ಕಲ್ಲು ಕೊಟ್ಟು, ಹೊರಡುವಾಗ ಅದನ್ನು ಘಟ್ಟದ ರಸ್ತೆಯಲ್ಲೇ ಬಿಟ್ಟು ಹೋಗುತ್ತಾರಲ್ಲ, ಹಿಂದೆ ಬರುವ ಬೈಕಿನವನ ಗತಿ ಏನು?

ಎಲ್‌ಇಡಿ ಬಾರ್ ಸುಮ್ನೆ ದಂಡ. ಮಂಜಿನಲ್ಲಿ ಕಣ್ಣ ಮುಂದೆ ಬಿಳಿ ಪಂಚೆ ಹರವಿದಂತಾಗುತ್ತದೆ, ಎದುರಿನವನಿಗೂ ಕಣ್ಣು ಕುಕ್ಕುತ್ತದೆ. ತಗ್ಗಿನಲ್ಲಿ ಕೂರಿಸಿದ ಹಳದಿ ಫಾಗ್ ಲ್ಯಾಂಪ್ ವಾಸಿ.

ರಿವರ್ಸ್ ಕ್ಯಾಮೆರಾ? ತೋಟದ ದಾರಿಯಲ್ಲಿ ಲೆನ್ಸ್ ತುಂಬಾ ಕೆಸರು. ಒಂದು ಕಡೆ ಧರೆ (ಕಡಿದಾದ ಮಣ್ಣಿನ ಗೋಡೆ), ಇನ್ನೊಂದು ಕಡೆ ಕಾಲುವೆ ಇರುವಲ್ಲಿ ಹಿಂದೆ ಒಬ್ಬರು ನಿಂತು "ಬರ್ಲಿ, ಬರ್ಲಿ" ಅನ್ನಲೇಬೇಕು. ಮನೆ ಅಂಗಳದಲ್ಲಿ ಸಣ್ಣ ಮಕ್ಕಳು ಓಡಾಡುವುದಾದರೆ ಮಾತ್ರ ಬೆಲೆ ನೋಡದೆ ಹಾಕಿಸಿ. ಇಲ್ಲವಾದರೆ ಆ ದುಡ್ಡು ಹಿಂದಿನ ಟಯರಿಗೆ ಹೋಗಲಿ.