ಆಫೀಸ್ ಕಂಪ್ಯೂಟರಲ್ಲಿ ನಿಮ್ಮ ವಾಟ್ಸಾಪ್ ಓಪನ್ ಇದ್ರೆ ಈಗ್ಲೇ ಲಾಗ್‌ಔಟ್ ಮಾಡಿ

ಶಿರಸಿ ಪೇಟೇಲಿ ಒಂದು ಖಾಸಗಿ ಆಫೀಸಲ್ಲಿ ಎರಡು ವರ್ಷ ಅಕೌಂಟ್ಸ್ ನೋಡ್ಕೊಂಡಿದ್ದೆ. ಹೆಸ್ರು ಬರೆಯಲ್ಲ. ಹೋದ ತಿಂಗ್ಳು ಬಿಟ್ಟೆ, ಬಿಟ್ಟೆ ಅನ್ನೋದಕ್ಕಿಂತ ಬಿಡೋ ಹಾಗೆ ಮಾಡಿದ್ರು.

ಮಳೆಗಾಲ ಶುರುವಾದ್ರೆ ನಮ್ಮ ಕಡೆ ಹಳ್ಳೀಲಿ ಕರೆಂಟೂ ಇಲ್ಲ ಟವರೂ ಇಲ್ಲ, ಗೊತ್ತಲ್ಲ. ಸೇರಿದ ದಿನಾನೇ ಮ್ಯಾನೇಜರ್ ಹೇಳಿದ್ರು, "ತಂಗಿ, ಇಲ್ಲಿ ನೆಟ್ ಚಲೋ ಇದೆ, ಮನೆ ಕೆಲ್ಸ ಇದ್ರೆ ಊಟದ ಟೈಮಲ್ಲಿ ಮಾಡ್ಕೊ, ಸಂಕೋಚ ಬೇಡ." ನಂಬಿದೆ. ಅಪ್ಪನ ತೋಟದ ಪಹಣಿ, ಅಡಿಕೆ ಬೆಳೆವಿಮೆ ಎಲ್ಲಿಗೆ ಬಂತು ಅಂತ ಸಂರಕ್ಷಣೆ ಪೋರ್ಟಲಲ್ಲಿ ನೋಡೋದು, ಕರೆಂಟ್ ಬಿಲ್, ಎಲ್ಲ ಅಲ್ಲೇ. ವಾಟ್ಸಾಪ್ ವೆಬ್ ಅಂತೂ ಬೆಳಿಗ್ಗೆಯಿಂದ ಸಂಜೆ ತನಕ ಓಪನ್, ಆಫೀಸ್ ಗ್ರೂಪೂ ಅದ್ರಲ್ಲೇ ಇತ್ತು.

ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ ವಾರಕ್ಕೆ ಕ್ಯಾಬಿನ್ನಿಗೆ ಕರೆದ್ರು. ಎರಡು ವರ್ಷ ತಂಗಿ ಅಂದವ್ರು ಅವತ್ತು "ಕೂತ್ಕೊಳ್ಳಿ ಮೇಡಂ" ಅಂದ್ರು. ಟೇಬಲ್ ಮೇಲೆ ಪಿನ್ ಹೊಡೆದ ಪ್ರಿಂಟೌಟ್. ನನ್ನ ಸ್ಕ್ರೀನಿನ ಫೋಟೋಗಳು, ಕೆಳಗೆ ದಿನಾಂಕ, ಟೈಮು. ಐದೈದು ನಿಮಿಷಕ್ಕೊಂದು ತೆಗೆಯೋ ಸಾಫ್ಟ್‌ವೇರ್ ಹಾಕಿದ್ರಂತೆ. ಮೂರನೇ ಹಾಳೇಲಿ ನಾನು ಅಕ್ಕಂಗೆ ಆಯಿ ಸ್ಕ್ಯಾನಿಂಗ್ ಬಗ್ಗೆ ಬರೆದಿದ್ದು, "ಗಡ್ಡೆ ಇದ್ದಡ". ಅದ್ರ ಮೇಲೆ ಹಳದಿ ಮಾರ್ಕರ್ ಎಳೆದಿದ್ರು. ಆಯಿಗೇ ಇನ್ನೂ ಹೇಳಿರ್ಲಿಲ್ಲ ನಾವು! ಮ್ಯಾನೇಜರ್ ಓದಿದಾರೆ, ಪ್ರಿಂಟ್ ತೆಗೆದ ಹುಡುಗ ಓದಿದಾನೆ, ಇನ್ಯಾರು ಓದಿದಾರೋ. ಕೈ ನಡುಗ್ತಾ ಇತ್ತು ನಂಗೆ.

"ನೀವೇ ಅಲ್ವಾ ಸರ್ ಮಾಡ್ಕೊ ಅಂದಿದ್ದು?" ಅಂದೆ.

"ನಾನು ಬಾಯಲ್ಲಿ ಹೇಳಿದ್ದು. ನೀವು ಸೈನ್ ಮಾಡಿದ್ದು ಯಾವುದಕ್ಕೆ ನೋಡಿ."

ಅಪಾಯಿಂಟ್‌ಮೆಂಟ್ ಲೆಟರಿನ ಏಳನೇ ಪುಟ, ಆಫೀಸ್ ಸಿಸ್ಟಮ್ ಸ್ವಂತಕ್ಕೆ ಬಳಸೋ ಹಾಗಿಲ್ಲ ಅಂತ ಇರುವೆ ಸಾಲಿನಂಥ ಅಕ್ಷರ, ಕೆಳಗೆ ನನ್ನ ಸಹಿ. ಓದಿರ್ಲಿಲ್ಲ. ಯಾರು ಓದ್ತಾರೆ ಹೇಳಿ.

ಇನ್ನೊಂದು ಹಾಳೇಲಿ ನಾನು ರಾತ್ರಿ ಮನೇಲಿ, ನನ್ನ ಮೊಬೈಲಲ್ಲಿ, ಬೇರೆ ಕೆಲಸ ಹುಡುಕಿದ್ದು. ಅದು ಹೇಗೆ ಅಂತ ತಲೆಗೇ ಹೋಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಆಫೀಸ್ ಕ್ರೋಮಲ್ಲಿ ನನ್ನ ಜಿಮೇಲ್ ಹಾಕಿ ಸಿಂಕ್ ಆನ್ ಇಟ್ಟಿದ್ದೆ, ಮೊಬೈಲ್ ಹಿಸ್ಟರಿ ಎಲ್ಲ ಅಲ್ಲಿ ಬಂದು ಬೀಳ್ತಿತ್ತು. ಇದು ನನ್ನ ಸ್ವಂತ ವಿಷ್ಯ ಸರ್ ಅಂದ್ರೆ, "ಸಿಸ್ಟಮ್ ನಮ್ದು, ನೆಟ್ ನಮ್ದು, ಅದ್ರಲ್ಲಿ ನಿಮ್ಮ ಸ್ವಂತದ್ದು ಎಂತ ಇದೆ?"

ಕೊನೆಗೆ ಲೆಕ್ಕ ಹಾಕಿ ಸ್ವಂತ ಕೆಲ್ಸಕ್ಕೆ 38 ಗಂಟೆ ಹೋಗಿದೆ ಅಂದ್ರು, 16,000 ಸಂಬಳದಲ್ಲಿ 2,926 ಹಿಡಿದ್ರು. ರಿಲೀವಿಂಗ್ ಲೆಟರ್ ಇನ್ನೂ ಕೊಟ್ಟಿಲ್ಲ. 1936ರ ವೇತನ ಪಾವತಿ ಕಾಯ್ದೆ ಕಾಲದಿಂದ್ಲೂ ಸಂಬಳದಲ್ಲಿ ಮನಸ್ಸಿಗೆ ಬಂದ ಹಾಗೆ ಹಿಡಿಯೋ ಹಾಗಿಲ್ಲ, ಗೈರುಹಾಜರಾದ್ರೆ ಹಿಡೀಬಹುದು, ನಾನು ಸೀಟಲ್ಲೇ ಕೂತಿದ್ದೆನಲ್ಲ! ಊಟದ ಟೈಮನ್ನೂ ಸೇರಿಸಿದಾರೆ. ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದೀನಿ.

ಕ್ರೋಮಲ್ಲಿ ಹಿಸ್ಟರಿ ಉಳಿಯದ ಇನ್‌ಕಾಗ್ನಿಟೋ ಹಾಕಿದ್ರೆ ಯಾರಿಗೂ ಕಾಣಲ್ಲ ಅಂತ ನಂಬ್ಬೇಡಿ, ನಿಮ್ಮ ಆಫೀಸಿನವ್ರಿಗೆ ಕಾಣ್ಬಹುದು ಅಂತ ಕ್ರೋಮೇ ಆ ಪುಟದಲ್ಲಿ ಬರೆದಿರುತ್ತೆ. ವಾಟ್ಸಾಪಿಗೆ ಲಾಕ್ ಇದೆ ಅನ್ನೋದೂ ಮೆಸೇಜ್ ದಾರೀಲಿ ಹೋಗುವಾಗ ಮಾತ್ರ, ಸ್ಕ್ರೀನಿನ ಫೋಟೋನೇ ತೆಗೆದ್ರೆ ಲಾಕ್ ಎಂತ ಮಾಡುತ್ತೆ. ಮೊಬೈಲ್ ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ ಓಪನ್ ಮಾಡಿ, ಆಫೀಸ್ ಕಂಪ್ಯೂಟರ್ ಇದ್ರೆ ಲಾಗ್‌ಔಟ್ ಮಾಡಿ, ಕ್ರೋಮಿಂದ ಜಿಮೇಲ್ ತೆಗೀರಿ, ಮನೆ ವಿಷ್ಯ ಸ್ವಂತ ಡೇಟಾದಲ್ಲೇ ನೋಡಿ. ಮ್ಯಾನೇಜರ್ ಎಷ್ಟೇ ತಂಗಿ ಅನ್ಲಿ, ಬಳಸ್ಬಹುದು ಅಂತ ಮೇಲ್ ಹಾಕಿ ಸರ್ ಅನ್ನಿ.

ಅಲ್ಲಿ ಇನ್ನೂ ಇರೋ ನಾಲ್ಕು ಹುಡುಗಿಯರಿಗೆ ಫೋನ್ ಮಾಡಿದೆ. ಇಬ್ರು ಎತ್ತಲೇ ಇಲ್ಲ.