ಬೀಗ, ಕೀಲಿ, ತಳ್ಳುವ ಕಲ್ಲು: ಐದು ಆಟ ಆಡಿ ನೋಡಿದ್ದು

ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ‘ಟಾಪ್ ಡೌನ್’ (ಮೇಲಿಂದ ನೋಡುತ್ತಾ ಆಡುವಂಥದ್ದು) ಅಂತ ಹುಡುಕಿದೆ. ಸಿಕ್ಕಿದ್ದೆಲ್ಲ ಬರೀ ಗುಂಡು ಹಾರಿಸುವ ಆಟಗಳು. ನನಗೆ ಬೇಕಿದ್ದದ್ದು ಅದಲ್ಲ. ಚೌಕಾಬಾರದ ಮಣೆ ನೋಡುವ ಹಾಗೆ ಮೇಲಿಂದ ನೋಡುತ್ತಾ ಊರೂರು ಸುತ್ತಬೇಕು. ಆಮೇಲೆ ಒಂದು ಡಂಜನ್‌ಗೆ, ಅಂದರೆ ಕೋಣೆ ಕೋಣೆಗೂ ಒಗಟಿರುವ ಕಟ್ಟಡಕ್ಕೆ, ಇಳಿಯಬೇಕು. ಅಲ್ಲಿ ಬೀಗ, ಕೀಲಿ, ತಳ್ಳುವ ಕಲ್ಲು, ಒತ್ತುವ ಗುಂಡಿ ಇರಬೇಕು. ಕತ್ತಿ ಬೀಸುವುದು ಇದ್ದರೆ ಇರಲಿ, ತಲೆ ಕೆರೆದುಕೊಳ್ಳುವುದಂತೂ ಇರಲೇಬೇಕು. ನಿಂಟೆಂಡೊ ಕಂಪನಿಯ ಜೆಲ್ಡಾ ಸರಣಿಯ ಮೊದಲ ಆಟದಿಂದ, 1986ರದ್ದರಿಂದ, ಬಂದ ವಂಶ ಇದು.

ಹುಡುಕಿ ಹುಡುಕಿ ಐದು ಆಟ ಆಯ್ದುಕೊಂಡೆ. ಜೊತೆಗೆ ಆಡಿದ್ದು ಅಕ್ಕನ ಮಗ. ಏಳನೇ ಕ್ಲಾಸು, ಮಂಡ್ಯದ ಹುಡುಗ, ಭಾನುವಾರ ಬಂತೆಂದರೆ ಕುವೆಂಪುನಗರದ ನಮ್ಮನೆಯಲ್ಲಿ ಹಾಜರ್. ಅಳತೆಗೋಲು ಒಂದೇ ಇಟ್ಟುಕೊಂಡೆವು. ಒಂದು ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಾಗ ಸಿಟ್ಟು ಯಾರ ಮೇಲೆ ಬರುತ್ತದೆ? ‘ಛೆ, ಇದು ನನಗೆ ಹೊಳೀಲಿಲ್ವಲ್ಲ’ ಅನ್ನಿಸಿದರೆ ಒಳ್ಳೆ ಆಟ. ‘ಇದ್ಯಾರಿಗೆ ಗೊತ್ತಾಗುತ್ತೆ?’ ಅನ್ನಿಸಿದರೆ ಅಲ್ಲ.

ಮೊದಲು ಶುರು ಮಾಡಿದ್ದು ಓಷನ್‌ಹಾರ್ನ್, ಫೋನಿನಲ್ಲಿ. ನಾನು ಕೆಲಸಕ್ಕೆ ಮಂಡ್ಯಕ್ಕೆ ರೈಲಿನಲ್ಲಿ ಓಡಾಡುವವನು. ಸೀಟು ಸಿಕ್ಕ ದಿನ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಒಂದು ದ್ವೀಪ ಅರ್ಧ ಮುಗಿದಿರುತ್ತಿತ್ತು. 2013ರ ಆಟ, ಫಿನ್ಲೆಂಡಿನವರದ್ದು. ನೋಡಲು ಈಗಲೂ ಚೆಂದ. ಆದರೆ ಪಜಲ್ ಅಂದರೆ ಪೆಟ್ಟಿಗೆ ತಳ್ಳು, ಗುಂಡಿ ಮೇಲೆ ಇಡು, ಅಷ್ಟೇ. ದೋಣಿಯೂ ತಾನೇ ಹೋಗುತ್ತದೆ. ಎಲ್ಲಿಗೆ ಅಂತ ತೋರಿಸಿದರೆ ಸಾಕು, ನಾವು ದಾರಿಯಲ್ಲಿ ಗುಂಡು ಹೊಡೆಯುತ್ತಾ ಕೂರಬೇಕು. ಸಿಟ್ಟು ಬರಲೇ ಇಲ್ಲ. ಸಿಕ್ಕಿಹಾಕಿಕೊಂಡರೆ ತಾನೇ!

ಡೆತ್ಸ್ ಡೋರ್ (2021) ಬಗ್ಗೆ ಎರಡೇ ಮಾತು. ಆತ್ಮಗಳನ್ನು ಒಯ್ಯುವ ಕೆಲಸದ ಒಂದು ಕಾಗೆ, ಕೈಯಲ್ಲಿ ಕತ್ತಿ. ಹೊಡೆದಾಟ ಐದರಲ್ಲೂ ಇದರದ್ದೇ ಚೆನ್ನ. ಆದರೆ ಮ್ಯಾಪೇ ಇಲ್ಲ. ವಾರ ಬಿಟ್ಟು ಬಂದರೆ ಎಲ್ಲಿದ್ದೆ ಅಂತಲೇ ಮರೆತಿರುತ್ತದೆ. ಪಜಲ್ ಊಟದಲ್ಲಿ ಉಪ್ಪಿನಕಾಯಿ ಇದ್ದಷ್ಟು.

ಟ್ಯೂನಿಕ್ (2022) ಬೇರೆಯೇ ತರಹ. ನೋಟ ಪೂರ್ತಿ ಮೇಲಿಂದ ಅಲ್ಲ, ಸ್ವಲ್ಪ ಓರೆ. ಆ ಓರೆಯಲ್ಲೇ ಮೋಸ ಇದೆ. ಗೋಡೆಯ ಹಿಂದೆ ದಾರಿ ಇರುತ್ತದೆ, ನಮಗೆ ಕಾಣುವುದಿಲ್ಲ. ಹೀರೋ ಒಂದು ಪುಟ್ಟ ನರಿ. ಆಟ ಏನನ್ನೂ ಹೇಳಿಕೊಡುವುದಿಲ್ಲ. ಬದಲಿಗೆ ಆಟದ್ದೇ ಕೈಪಿಡಿಯ ಹಾಳೆಗಳು ಅಲ್ಲಲ್ಲಿ ಬಿದ್ದಿರುತ್ತವೆ. ಬರೆದಿರುವುದು ಯಾರಿಗೂ ಬಾರದ ಲಿಪಿಯಲ್ಲಿ. ಅಂಚಿನಲ್ಲಿ ಹಿಂದೆ ಯಾರೋ ಆಡಿದವರು ಪೆನ್ನಿನಲ್ಲಿ ಗೀಚಿದ ಗುರುತು. ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಂಡ ಹಾಗೆ! ಒಂದು ಹಾಳೆ ನೋಡಿ, ‘ಅಯ್ಯೋ, ಈ ಗುಂಡಿ ಒತ್ತಿ ಹಿಡಿದರೆ ಹೀಗಾಗುತ್ತಾ?’ ಅಂತ ಕೂಗಿದ್ದೆ. ಮೊದಲ ದಿನದಿಂದ ಆ ಶಕ್ತಿ ನನ್ನ ಹತ್ತಿರವೇ ಇತ್ತು! ಆದರೂ ನಾನು ಹುಡುಕುತ್ತಿದ್ದ ಆಟ ಇದಲ್ಲ. ಇಲ್ಲಿ ಇಡೀ ಊರೇ ಒಗಟು. ಡಂಜನ್ ಒಳಗೆ ಹೋದರೆ ಹೆಚ್ಚಾಗಿ ಹೊಡೆದಾಟವೇ.

ಉಳಿದದ್ದು ಎರಡು. ನಿಜವಾದ ಪೈಪೋಟಿ ಇವುಗಳದ್ದೇ.

ಕ್ರಾಸ್‌ಕೋಡ್ 2018ರದ್ದು, ಜರ್ಮನಿಯ ಒಂದು ಸಣ್ಣ ತಂಡದ್ದು. ನಾಯಕಿ ಲಿಯಾಗೆ ಸರಿಯಾಗಿ ಮಾತು ಬರುವುದಿಲ್ಲ. ಬೆರಳೆಣಿಕೆಯ ಪದಗಳಲ್ಲೇ ಮಾತು ಮುಗಿಸುತ್ತಾಳೆ, ಅಷ್ಟರಲ್ಲೇ ನಗಿಸುತ್ತಾಳೆ. ಅವಳ ಕೈಯಿಂದ ಉಂಡೆಗಳು ಹಾರುತ್ತವೆ, ಗೋಡೆಗೆ ಬಡಿದು ವಾಪಸ್ ಬರುತ್ತವೆ. ಕೇರಂನಲ್ಲಿ ರೀಬೌಂಡ್ ಹೊಡೆದಿದ್ದೀರಲ್ವಾ? ಅದೇ ಲೆಕ್ಕ. ಮೂರು ಗೋಡೆಗೆ ತಾಗಿಸಿ ಮೂಲೆಯ ಗುಂಡಿ ಹೊಡೆಯಬೇಕು, ಅದರಿಂದ ತೆರೆದ ಬಾಗಿಲು ಮುಚ್ಚುವ ಮೊದಲು ಇನ್ನೊಂದನ್ನೂ ಹೊಡೆಯಬೇಕು. ಐದರಲ್ಲಿ ಪಜಲ್ ಜಾಸ್ತಿ ಇರುವುದು ಇದರಲ್ಲೇ. ಕಷ್ಟವೂ ಇದರದ್ದೇ.

ಇಲ್ಲೊಂದು ಎಡವಟ್ಟಾಯ್ತು. ನಾನು ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಹಳೆ ಕಂಟ್ರೋಲರ್ ತಂದಿದ್ದೆ. ಅದರ ಬಲಗಡೆ ಸ್ಟಿಕ್ ತಾನೇ ತಾನಾಗಿ ಎಡಕ್ಕೆ ವಾಲುತ್ತಿತ್ತು. ಗುರಿ ಇಟ್ಟಲ್ಲಿ ನಿಲ್ಲದು. ಎರಡು ದಿನ ಆಟವನ್ನೇ ಬೈದೆ. ಮೌಸ್ ಹಿಡಿದ ಮೇಲೆ ಅದೇ ಕೋಣೆ ಹತ್ತು ನಿಮಿಷಕ್ಕೆ ಮುಗಿಯಿತು. ಆದರೆ ಫಜ್‌ರೋ ದೇವಾಲಯ ಅಂತ ಒಂದು ಡಂಜನ್ ಇದೆ. ಅಬ್ಬಾ, ಮುಗಿಯುವುದೇ ಇಲ್ಲ! ಮೂರು ಭಾನುವಾರ ಹಿಡಿಯಿತು. ಎಷ್ಟೋ ಕಡೆ ಉತ್ತರ ತಲೆಗೆ ಹೊಳೆದಿರುತ್ತದೆ, ಕೈ ಮಾತ್ರ ಓಡುವುದಿಲ್ಲ. ಕೊನೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಪಜಲ್ ವೇಗ ಕಮ್ಮಿ ಮಾಡಿಕೊಂಡೆ. ನಾಚಿಕೆ ಏನಿಲ್ಲ.

ಲಿಂಕ್ಸ್ ಅವೇಕನಿಂಗ್ ಹಳೇದು, ಜೆಲ್ಡಾ ಸರಣಿಯದ್ದೇ. ಮೂಲ 1993ರದ್ದು, ಗೇಮ್ ಬಾಯ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರದ ಆಟ. ನಾವು ಆಡಿದ್ದು 2019ರಲ್ಲಿ ನಿಂಟೆಂಡೊದ ಸ್ವಿಚ್ ಅನ್ನುವ ಆಟದ ಯಂತ್ರಕ್ಕೆ ಹೊಸದಾಗಿ ಮಾಡಿದ್ದು, ಗೆಳೆಯನೊಬ್ಬನಿಂದ ಎರವಲು ತಂದು. ಏಳನೇ ಡಂಜನ್ ಒಂದು ಗೋಪುರ. ಅಲ್ಲಿ ಒಂದು ಭಾರಿ ಕಬ್ಬಿಣದ ಗುಂಡು ಸಿಗುತ್ತದೆ. ನಾನು ಅದನ್ನು ಅಲ್ಲೇ ಬಿಟ್ಟು ಬೇರೆ ಕೀಲಿ ಹುಡುಕುತ್ತಿದ್ದೆ. ಹುಡುಗ ಪಕ್ಕದಿಂದ, “ಮಾಮ, ಇದನ್ನ ಎಲ್ಗೋ ತಗೊಂಡೋಗ್ಬೇಕು. ಇಲ್ಲಾಂದ್ರೆ ಸುಮ್ನೆ ಯಾಕ್ ಇಲ್ಲಿ ಮಡಗವ್ರೆ?” ಅಂದ.

ಅಷ್ಟೇ ಸಾಕಾಯ್ತು. ಗುಂಡು ಹೊತ್ತುಕೊಂಡು ಹೋಗಿ ಎಸೆಯುವುದು, ಸುತ್ತಿ ಬಂದು ಮತ್ತೆ ಎತ್ತಿಕೊಳ್ಳುವುದು, ಹೀಗೆ ನಾಲ್ಕು ಕಂಬ ಒಡೆಯಬೇಕು. ನಾಲ್ಕನೆಯದು ಬಿದ್ದ ತಕ್ಷಣ ಗೋಪುರದ ಮೇಲಿನ ಮಹಡಿ ಧಡ್ ಅಂತ ಕೆಳಗೆ ಕೂರುತ್ತದೆ. ಬರೆದುಕೊಂಡಿದ್ದ ನಕ್ಷೆ ಅಲ್ಲಿಗೆ ಸುಳ್ಳಾಯಿತು. ಇಲ್ಲಿ ಕೈಚಳಕ ಬೇಕಿಲ್ಲ. ಇಡೀ ಕಟ್ಟಡವನ್ನೇ ಒಂದು ಪೆಟ್ಟಿಗೆಯ ಹಾಗೆ ತಲೆಯೊಳಗೆ ತಿರುಗಿಸಿ ನೋಡಬೇಕು. ನನ್ನ ಲೆಕ್ಕದಲ್ಲಿ ಗೆದ್ದದ್ದು ಇದೇ.

ಹುಡುಗ ಒಪ್ಪುವುದಿಲ್ಲ, ಅವನ ವೋಟು ಕ್ರಾಸ್‌ಕೋಡ್‌ಗೆ. ಸ್ವಿಚ್ ಇಲ್ಲದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಒಂದು ವಿಷಯ. ಸ್ಟೀಮ್‌ನಲ್ಲಿ ಎರಡು ವಾರದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕ್ರಾಸ್‌ಕೋಡ್‌ಗೆ ಆ ಎರಡು ಗಂಟೆ ಸಾಲುವುದಿಲ್ಲ. ನನಗೆ ಅಷ್ಟರಲ್ಲಿ ಮೊದಲ ದೊಡ್ಡ ಡಂಜನ್ನಿನ ಬಾಗಿಲೂ ಕಂಡಿರಲಿಲ್ಲ. ಮೊದಲು ಡೆಮೊ ಆಡಿ, ಕೇರಂ ಕೈ ಇದೆಯಾ ನೋಡಿಕೊಂಡು ಆಮೇಲೆ ಕೊಳ್ಳಿ. ಮೌಸ್ ಇಟ್ಟುಕೊಂಡಿರಿ.