ಮೊಣಕಾಲು ಕಟ್ಟಿ ಭುಜ ತಿರುಗಿಸುವ ಗಾಲ್ಫ್ ಪಾಠಕ್ಕೆ ಹೋಗಬೇಡಿ

ಕಳೆದ ಶುಕ್ರವಾರ ಬೆಳಿಗ್ಗೆ ಮೈಸೂರಿನ ರಿಂಗ್ ರಸ್ತೆಯಾಚೆಗಿನ ಒಂದು ಖಾಲಿ ನಿವೇಶನದ ಮುಂದೆ ಹಾದುಹೋಗುತ್ತಿದ್ದೆ. ಹಸಿರು ಬಲೆಯೊಳಗೆ ನನ್ನದೇ ವಯಸ್ಸಿನವರೊಬ್ಬರು ಗಾಲ್ಫ್ ಕ್ಲಬ್ (ಚೆಂಡು ಹೊಡೆಯುವ ಕೋಲು) ಎತ್ತಿ ನಿಂತಿದ್ದರು. ಎರಡೂ ಮೊಣಕಾಲುಗಳನ್ನು ಸೇರಿಸಿ ಕಪ್ಪು ರಬ್ಬರ್ ಪಟ್ಟಿ ಬಿಗಿದಿತ್ತು. ಎದುರಿಗಿದ್ದ ತರಬೇತುದಾರ ಅವರ ಎಡಭುಜವನ್ನು ಅಂಗೈಯಿಂದ ದೂಡುತ್ತಾ ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎನ್ನುತ್ತಿದ್ದ. ಆರು ತಿಂಗಳ ಹಿಂದೆ ಅದೇ ಪಟ್ಟಿ ಕಟ್ಟಿಸಿಕೊಂಡು ಅದೇ ಚಾಪೆಯ ಮೇಲೆ ನಾನು ನಿಂತಿದ್ದೆ. ಇನ್ನೂ ಸುಮ್ಮನಿರುವುದು ತಪ್ಪೆನಿಸಿ ಇದನ್ನು ಬರೆಯುತ್ತಿದ್ದೇನೆ.

ನನಗೆ 53 ವರ್ಷ. ಚಾಮುಂಡಿ ಬೆಟ್ಟದ ತಪ್ಪಲಿನ ಮೈದಾನದಲ್ಲಿ ಸ್ನೇಹಿತರ ಅತಿಥಿಯಾಗಿ ಎರಡು ವರ್ಷಗಳಿಂದ ಆಡುತ್ತಿದ್ದೇನೆ. (ಆ ಮೈದಾನಕ್ಕೂ ಈ ತರಬೇತುದಾರನಿಗೂ ಯಾವ ಸಂಬಂಧವೂ ಇಲ್ಲ.) ಮಧ್ಯಮ ದೂರಕ್ಕೆ ಬಳಸುವ ಏಳನೇ ಐರನ್ ಎಂಬ ಕ್ಲಬ್ಬಿನಲ್ಲಿ ನನ್ನ ಚೆಂಡು 120 ಗಜ ಹೋಗುತ್ತಿತ್ತು. ಜೊತೆಯವರ ಚೆಂಡು ಅದಕ್ಕಿಂತ ಬಹಳ ಮುಂದೆ ಬೀಳುತ್ತಿತ್ತು. ‘ಬ್ಯಾಕ್‌ಸ್ವಿಂಗ್ ಸರಿ ಮಾಡಿಕೊಂಡರೆ ಹದಿನೈದು ದಿನದಲ್ಲಿ ಮೂವತ್ತು ಗಜ ಹೆಚ್ಚು’ ಎಂಬ ಆ ತರಬೇತುದಾರನ ಮಾತು ಯಾರಿಂದಲೋ ಕಿವಿಗೆ ಬಿತ್ತು. (ಬ್ಯಾಕ್‌ಸ್ವಿಂಗ್ ಎಂದರೆ ಹೊಡೆಯುವ ಮೊದಲು ಮೈ ತಿರುಗಿಸಿ ಕ್ಲಬ್ಬನ್ನು ಹಿಂದಕ್ಕೆತ್ತುವುದು.) ಹನ್ನೆರಡು ತರಗತಿಗೆ 24,000 ರೂಪಾಯಿ, ಪೂರ್ತಿ ಮುಂಗಡ. ಕೊಟ್ಟೆ. ರಸೀತಿ ಕೇಳಲಿಲ್ಲ.

ಮೊದಲ ದಿನ ಆತ ನನ್ನ ವಯಸ್ಸನ್ನಾಗಲಿ, ಬೆನ್ನು ಮಂಡಿಗಳ ಸ್ಥಿತಿಯನ್ನಾಗಲಿ ವಿಚಾರಿಸಲಿಲ್ಲ. ಮೊಬೈಲಿನಲ್ಲಿ ಇಪ್ಪತ್ತರ ಹರೆಯದ ವೃತ್ತಿಪರ ಆಟಗಾರನೊಬ್ಬನ ಚಿತ್ರ ತೋರಿಸಿದ. ಭುಜ ತೊಂಬತ್ತು ಡಿಗ್ರಿ ತಿರುಗಿದೆ, ಸೊಂಟ ಹೆಚ್ಚು ಕದಲಿಲ್ಲ, ಎಡಗೈ ನೆಟ್ಟಗೆ ಕೋಲಿನಂತಿದೆ, ಕ್ಲಬ್ ನೆಲಕ್ಕೆ ಸಮಾನಾಂತರವಾಗಿದೆ. ‘ಇದೇ ಎಕ್ಸ್ ಫ್ಯಾಕ್ಟರ್ ಸರ್, ಇಲ್ಲೇ ಶಕ್ತಿ ಇರುವುದು’ ಎಂದ. ಮಾತು ಪೂರ್ತಿ ಸುಳ್ಳಲ್ಲ. ಭುಜದ ತಿರುವಿಗೂ ಸೊಂಟದ ತಿರುವಿಗೂ ಇರುವ ಅಂತರಕ್ಕೆ ಅಮೆರಿಕದ ತರಬೇತುದಾರ ಜಿಮ್ ಮೆಕ್‌ಲೀನ್ 1992ರಲ್ಲಿ ಆ ಹೆಸರಿಟ್ಟರು. ಅದು ದೂರ ಹೊಡೆಯುವ ವೃತ್ತಿಪರರನ್ನು ಅಳೆದು ಹೇಳಿದ ಮಾತು. ದಿನವಿಡೀ ಕುರ್ಚಿಯಲ್ಲಿ ಕುಳಿತು ಗಟ್ಟಿಯಾದ ನನ್ನ ಬೆನ್ನಿಗೆ ಅದನ್ನು ಪಟ್ಟಿ ಕಟ್ಟಿ ಹೇರಬಹುದೇ ಎಂಬ ಪ್ರಶ್ನೆ ಆತನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾಲ್ಕನೆಯ ತರಗತಿಯ ಹೊತ್ತಿಗೆ ಸೊಂಟದ ಬಲಬದಿಯಲ್ಲಿ, ಪ್ಯಾಂಟಿನ ಬೆಲ್ಟಿನ ಅಂಚಿಗೆ ಸರಿಯಾಗಿ, ಹೆಬ್ಬೆರಳಿನಷ್ಟು ಜಾಗದಲ್ಲಿ ಚುಚ್ಚಲು ಶುರುವಾಯಿತು. ಹೇಳಿದರೆ, ‘ಹೊಸ ಸ್ನಾಯು ಕೆಲಸ ಮಾಡುತ್ತಿದೆ ಸರ್, ನೋವು ಒಳ್ಳೆಯ ಲಕ್ಷಣ’ ಎಂದ. ಈ ಮಾತಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಏಳನೆಯ ತರಗತಿಯ ಮರುದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಮೇಲೇಳಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಹಾಗೆಯೇ ನಿಂತಿದ್ದೆ. ಮಗಳು ಬಂದು, ‘ಅಪ್ಪಾ, ಯಾಕೆ ಹೀಗೆ ನಿಂತಿದ್ದೀರಿ?’ ಎಂದು ಕೇಳಿದರೆ ಉತ್ತರ ಹೇಳುವಷ್ಟು ಉಸಿರೂ ಬರಲಿಲ್ಲ. ವೈದ್ಯರ ಬಳಿ ಹೋದಾಗ ಬೆನ್ನೆಲುಬಿನ ಸಣ್ಣ ಕೀಲುಗಳಲ್ಲಿ ಊತ ಬಂದಿದೆ ಎಂದರು. ಆರು ವಾರ ಕ್ಲಬ್ ಮುಟ್ಟುವಂತಿಲ್ಲ.

ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ವಿವರಿಸಿದ್ದನ್ನು ಗಾಲ್ಫ್ ಕಲಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಐದು ಮೂಳೆಗಳಿವೆ. ಅವು ಮುಂದಕ್ಕೆ ಹಿಂದಕ್ಕೆ ಚೆನ್ನಾಗಿ ಬಾಗುತ್ತವೆ, ಆದರೆ ತಿರುಗುವುದಕ್ಕೆ ಆದ ರಚನೆ ಅವುಗಳದ್ದಲ್ಲ. ಐದೂ ಸೇರಿ ಒಂದು ಬದಿಗೆ ಹೆಚ್ಚೆಂದರೆ ಹತ್ತು ಹದಿನೈದು ಡಿಗ್ರಿ. ಬ್ಯಾಕ್‌ಸ್ವಿಂಗಿನ ಉಳಿದ ತಿರುವೆಲ್ಲ ಮೇಲಿನ ಎದೆಯ ಭಾಗದಿಂದ ಮತ್ತು ಕೆಳಗಿನ ತೊಡೆಸಂದಿನ ಕೀಲುಗಳಿಂದ ಬರಬೇಕು. ಸಾಮಾನ್ಯವಾಗಿ ಭುಜ ತೊಂಬತ್ತು ಡಿಗ್ರಿ ತಿರುಗುವಾಗ ಆ ತೊಡೆಸಂದಿನ ಕೀಲುಗಳ ಮೇಲೆ ಇಡೀ ಸೊಂಟವೂ ಸುಮಾರು ನಲವತ್ತೈದು ಡಿಗ್ರಿ ತಿರುಗುತ್ತದೆ. ಮೊಣಕಾಲು ಕಟ್ಟಿ ಆ ನಲವತ್ತೈದನ್ನೇ ತಡೆದರೆ? ದೇಹ ಕಳ್ಳದಾರಿ ಹಿಡಿಯುತ್ತದೆ. ಎಡ ಮೊಣಕೈ ಮಡಚುತ್ತದೆ, ಕೈಗಳು ಮಾತ್ರ ಮೇಲೇರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಕ್ಲಬ್ ಮೇಲೆ ತಲುಪಿದಾಗ ಮೈ ಗುರಿಯ ಕಡೆಗೇ ವಾಲಿಬಿಡುತ್ತದೆ. ಆ ವಾಲಿದ ಭಂಗಿಯಿಂದ ಕೆಳಗೆ ಬೀಸಿದರೆ, ಬಲಗೈ ಆಟಗಾರನ ಬೆನ್ನಿನ ಬಲಬದಿಯ ಕೀಲುಗಳು ಒಂದನ್ನೊಂದು ಅದುಮುತ್ತವೆ. ನನ್ನ ಹೆಬ್ಬೆರಳಿನಷ್ಟು ನೋವು ಇದ್ದದ್ದು ಅಲ್ಲಿಯೇ.

ಆ ಫಿಸಿಯೋಥೆರಪಿಸ್ಟ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ ಅಡ್ಡಲಾಗಿ ಒಂದು ಕೋಲು ಹಿಡಿಸಿ, ಮಂಡಿ ಕದಲಿಸದೆ ಬಲಕ್ಕೆ ತಿರುಗಿ ಎಂದರು. ಮೂವತ್ತೈದು ಡಿಗ್ರಿಗೇ ನಿಂತೆ. ಎರಡು ನಿಮಿಷದ ಪರೀಕ್ಷೆ. ಇದನ್ನು ಮೊದಲ ದಿನವೇ ಮಾಡಿದ್ದರೆ ಆ ಪಟ್ಟಿ ನನಗಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ದೊಡ್ಡ ಬ್ಯಾಕ್‌ಸ್ವಿಂಗ್ ಇಲ್ಲದೆ ಆಟವಿಲ್ಲ ಎನ್ನುವವರಿಗೆ ಸ್ಪೇನಿನ ವೃತ್ತಿಪರ ಗಾಲ್ಫ್ ಆಟಗಾರ ಜಾನ್ ರಾಮ್ ಅವರನ್ನು ನೋಡಲು ಹೇಳಿ. ಹುಟ್ಟಿದಾಗಲೇ ಅವರ ಬಲಪಾದ ಸೊಟ್ಟಗಿತ್ತು, ಆ ಪಾದದ ಕೀಲು ಇಂದಿಗೂ ಪೂರ್ತಿ ಬಾಗುವುದಿಲ್ಲ. ಅದಕ್ಕೆ ಹೊಂದಿಸಿಕೊಂಡ ಗಿಡ್ಡ ಬ್ಯಾಕ್‌ಸ್ವಿಂಗಿನಲ್ಲೇ ಅವರು ಗಾಲ್ಫಿನ ಪ್ರಮುಖ ಪ್ರಶಸ್ತಿಗಳಾದ 2021ರ ಯು.ಎಸ್. ಓಪನ್ ಮತ್ತು 2023ರ ಮಾಸ್ಟರ್ಸ್ ಗೆದ್ದರು. ಹದಿನೆಂಟು ಪ್ರಮುಖ ಪ್ರಶಸ್ತಿ ಗೆದ್ದ ಜ್ಯಾಕ್ ನಿಕ್ಲಾಸ್ ಸೊಂಟ ಧಾರಾಳವಾಗಿ ತಿರುಗಲೆಂದು ಎಡ ಹಿಮ್ಮಡಿಯನ್ನೇ ನೆಲದಿಂದ ಎತ್ತುತ್ತಿದ್ದರು. ಕಟ್ಟಿಹಾಕಿದ್ದಲ್ಲ, ಬಿಟ್ಟುಕೊಟ್ಟದ್ದು.

ಈಗ ನಾನು ಮಾಡುತ್ತಿರುವುದು ಇಷ್ಟು. ಬಲಪಾದದ ತುದಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲುತ್ತೇನೆ. ಮೊದಲ ಒಂದು ಅಡಿ ದೂರ ಕೈ, ಎದೆ, ಕ್ಲಬ್ ಒಟ್ಟಿಗೆ ಹಿಂದಕ್ಕೆ ಹೋಗುತ್ತವೆ. ಕ್ಲಬ್ಬಿನ ತಲೆ ನೆಲಕ್ಕೆ ಹತ್ತಿರವೇ ಇರುತ್ತದೆ. ಬಲಸೊಂಟ ಹಿಂದಕ್ಕೆ ಸರಿಯಲು ಬಿಡುತ್ತೇನೆ, ಎಡ ಹಿಮ್ಮಡಿ ಏಳುವುದಾದರೆ ಏಳಲಿ. ಎದೆ ಎಲ್ಲಿ ನಿಂತಿತೋ ಬ್ಯಾಕ್‌ಸ್ವಿಂಗ್ ಅಲ್ಲಿಗೆ ಮುಗಿಯಿತು. ಈ ಕೊನೆಯ ಮಾತು ಮೈದಾನದ ಹಿರಿಯ ಕ್ಯಾಡಿಯೊಬ್ಬರದು (ಆಟಗಾರರ ಕ್ಲಬ್ ಚೀಲ ಹೊರುವ ಸಹಾಯಕರು). ನೋವು ಬರುವ ಮೊದಲೇ ಅವರು ಒಮ್ಮೆ, ‘ಸ್ವಾಮಿ, ಎದೆ ಆಗಲೇ ನಿಂತಿದೆ, ಕೈ ಮಾತ್ರ ಇನ್ನೂ ಹೋಗುತ್ತಿದೆ’ ಎಂದಿದ್ದರು. ದುಡ್ಡು ಕೊಟ್ಟ ಗುರುವಿನ ಮಾತಿನ ಮುಂದೆ ಅದು ನನ್ನ ತಲೆಗೆ ಹತ್ತಿರಲಿಲ್ಲ.

ದಯವಿಟ್ಟು, ನಿಮ್ಮ ಮೈ ಪರೀಕ್ಷಿಸದೆ ಭುಜಕ್ಕೆ ಕೈ ಹಾಕಿ ದೂಡುವವರನ್ನು ಅಲ್ಲಿಯೇ ತಡೆಯಿರಿ. ನೋವು ಒಳ್ಳೆಯದು ಎಂದರೆ ಆ ದಿನವೇ ಹೊರಗೆ ಬನ್ನಿ. ಕಾಲಿಗೆ ಜೋಮು ಇಳಿದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಮೂತ್ರದ ಮೇಲೆ ಹಿಡಿತ ತಪ್ಪಿದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಹಣವನ್ನು ತರಗತಿಗೊಮ್ಮೆ ಕೊಡಿ, ಬ್ಯಾಂಕ್ ಖಾತೆಯ ಮೂಲಕವೇ ಕೊಡಿ. ಉಳಿದ ಐದು ತರಗತಿಯ ಹತ್ತು ಸಾವಿರವನ್ನು ನಾನು ಮೂರು ಬಾರಿ ಕೇಳಿದೆ. ‘ನೀವೇ ಬಿಟ್ಟಿದ್ದಲ್ಲವೇ ಸರ್?’ ಎಂದ. ತೋರಿಸಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಭಾನುವಾರ ಒಂಬತ್ತು ಹೋಲ್ ಆಡಿದೆ. ಮುಕ್ಕಾಲು ಬ್ಯಾಕ್‌ಸ್ವಿಂಗಿನಲ್ಲಿ ಏಳನೇ ಐರನ್ ಅದೇ 120 ಗಜ ಹೋಯಿತು, ಒಂದು ಗಜವೂ ಕಡಿಮೆಯಾಗಲಿಲ್ಲ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಇನ್ನೂ ಚೀಲದಲ್ಲೇ ಇದೆ. ಸಂಕ್ರಾಂತಿ ಕಳೆಯುವವರೆಗೆ ಅದನ್ನು ಹೊರತೆಗೆಯಬೇಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ.